ಸಸಿ ನೆಟ್ಟ ಲೆಕ್ಕ ಸಾಲದು, ಹಳ್ಳದ ಮತ್ತು ಮರದ ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

ಷೇರುಪೇಟೆಯ ಕಂಪನಿಗಳ ವಾರ್ಷಿಕ ವರದಿಗಳು ಹೊರಬರುವ ಕಾಲವಿದು. ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ತೋಟ ಇಟ್ಟುಕೊಂಡಿರುವ, ಇಲ್ಲಿನ ಕಾಫಿ, ಮೆಣಸು ಕೊಳ್ಳುವ, ಹೊಳೆಗೆ ಅಡ್ಡ ಕಟ್ಟಿ ವಿದ್ಯುತ್ ತೆಗೆಯುವ, ಗುಡ್ಡದ ಮೇಲೆ ರೆಸಾರ್ಟ್ ನಡೆಸುವ ಉದ್ದಿಮೆಗಳ ವರದಿಗಳಲ್ಲಿ ಜೀವವೈವಿಧ್ಯದ ಭಾಗ ಹುಡುಕಿದರೆ ಹೆಚ್ಚಾಗಿ ಸಿಗುವುದು ಇಷ್ಟು ಸಾವಿರ ಸಸಿ ನೆಟ್ಟೆವು ಎಂಬ ಸಾಲು, ಇಲ್ಲವೇ ‘ಅನ್ವಯಿಸುವುದಿಲ್ಲ’ ಎಂಬ ಒಂದು ಪದ. ಯಾವ ಹಳ್ಳದಲ್ಲಿ ಏನಾಯಿತು, ಯಾವ ತೋಟದಲ್ಲಿ ಎಷ್ಟು ಕಾಡುಮರ ಉಳಿದಿದೆ ಎಂಬುದು ಅದರಿಂದ ಯಾರಿಗೂ ತಿಳಿಯುವುದಿಲ್ಲ. ಇಂಗಾಲದ ಲೆಕ್ಕವಾದರೆ ದೇಶದ ಯಾವ ಮೂಲೆಯದನ್ನಾದರೂ ಕೂಡಿಸಿ ಒಂದು ಸಂಖ್ಯೆ ಮಾಡಬಹುದು. ಬಿಸಿಲೆ ಕಾಡಂಚಿನಲ್ಲಿ ಆದ ನಷ್ಟವನ್ನು ಬೆಂಗಳೂರಿನ ಕಚೇರಿ ಆವರಣದ ಗಿಡಗಳಿಂದ ತುಂಬಿಕೊಡಲು ಬರುವುದಿಲ್ಲ. ಜೀವವೈವಿಧ್ಯದ ವರದಿ ಎಂದರೆ ಜಾಗದ ವರದಿ. ಅದನ್ನು ಬರೆಯುವುದು ಹೇಗೆ ಎಂಬುದನ್ನು ಇಲ್ಲಿನ ಉದ್ದಿಮೆದಾರರ ಮತ್ತು ಪಂಚಾಯಿತಿ ಸದಸ್ಯರ ಗಮನಕ್ಕೆ ತರಲು ಈ ಪತ್ರ.

ಮೊದಲು ಕಾನೂನಿನ ಸಂದು ಎಲ್ಲಿದೆ ನೋಡಿ. ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ 2021ರ ಮೇ ತಿಂಗಳಲ್ಲಿ ತಂದ ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತಾ ವರದಿ, ಅಂದರೆ ಬಿಆರ್‌ಎಸ್‌ಆರ್, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದಲ್ಲಿರುವ ಕಂಪನಿಗಳಿಗೆ 2022-23ರಿಂದ ಕಡ್ಡಾಯ. ಅದರ ಆರನೇ ತತ್ವ ಪರಿಸರಕ್ಕೆ ಸೇರಿದ್ದು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಜೌಗು ಪ್ರದೇಶ, ಕಾಡು, ಜೀವವೈವಿಧ್ಯದ ಹಾಟ್‌ಸ್ಪಾಟ್ ಇವುಗಳ ಒಳಗೆ ಅಥವಾ ಸುತ್ತಮುತ್ತ, ಪರಿಸರ ಅನುಮತಿ ಬೇಕಾಗುವ ಘಟಕ ನಿಮ್ಮದಿದೆಯೇ, ಷರತ್ತು ಪಾಲಿಸಿದ್ದೀರಾ ಎಂದು ಅಲ್ಲಿ ಕೇಳುತ್ತಾರೆ. ಇದಕ್ಕೆ ಉತ್ತರ ಕೊಡಲೇಬೇಕು. ಆ ಘಟಕದಿಂದ ಜೀವವೈವಿಧ್ಯದ ಮೇಲೆ ಏನು ಪರಿಣಾಮವಾಯಿತು, ತಡೆಯಲು ಏನು ಮಾಡಿದಿರಿ ಎಂಬ ಮುಖ್ಯ ಪ್ರಶ್ನೆ ಮಾತ್ರ ಐಚ್ಛಿಕ ಭಾಗದಲ್ಲಿದೆ. ಕಾಫಿ ತೋಟಕ್ಕೆ ಪರಿಸರ ಅನುಮತಿ ಬೇಕಿಲ್ಲ. ಹಾಗಾಗಿ ಭದ್ರಾ ಅಭಯಾರಣ್ಯಕ್ಕೆ ತಾಗಿಕೊಂಡೇ ತೋಟವಿದ್ದರೂ ‘ಇಲ್ಲ’ ಎಂದು ಬರೆದು ಮುಂದಿನ ಪುಟಕ್ಕೆ ಹೋಗಬಹುದು. 2023ರ ಜುಲೈಯಲ್ಲಿ ಇದೇ ವರದಿಯ ಆಯ್ದ ಅಂಶಗಳ ಪಟ್ಟಿಯಾಗಿ ಬಂದ ಬಿಆರ್‌ಎಸ್‌ಆರ್ ಕೋರ್‌ನ ಒಂಬತ್ತು ಅಂಶಗಳಲ್ಲೂ ಜೀವವೈವಿಧ್ಯಕ್ಕೆ ಪ್ರತ್ಯೇಕ ಜಾಗವಿಲ್ಲ. ಹೊರಗಿನ ಪರಿಶೀಲಕರು ಕಡ್ಡಾಯವಾಗಿ ನೋಡಬೇಕಾದ್ದು ಆ ಒಂಬತ್ತನ್ನೇ.

ಕಾನೂನು ಇಷ್ಟಕ್ಕೇ ಬಿಟ್ಟಿದೆ ಎಂದು ಕಂಪನಿಗಳೂ ಇಷ್ಟಕ್ಕೇ ನಿಲ್ಲಬೇಕಿಲ್ಲ. ದಾರಿ ತೋರಿಸುವ ಎರಡು ಚೌಕಟ್ಟುಗಳು ಸಿದ್ಧವಾಗಿವೆ. ಪ್ರಕೃತಿಗೆ ಸಂಬಂಧಿಸಿದ ಹಣಕಾಸು ಮಾಹಿತಿ ಬಹಿರಂಗಪಡಿಸುವ ಬಗೆಗಿನ ಅಂತರರಾಷ್ಟ್ರೀಯ ಕಾರ್ಯಪಡೆ ಟಿಎನ್‌ಎಫ್‌ಡಿ 2023ರ ಸೆಪ್ಟೆಂಬರ್‌ನಲ್ಲಿ ತಂದ ಶಿಫಾರಸುಗಳು ‘ಲೀಪ್’ ಎಂಬ ನಾಲ್ಕು ಹಂತದ ಕ್ರಮ ಹೇಳುತ್ತವೆ. ಮೊದಲು ಜಾಗ ಗುರುತಿಸುವುದು, ಆಮೇಲೆ ಅಲ್ಲಿನ ಪ್ರಕೃತಿಯ ಮೇಲೆ ನಮ್ಮ ಅವಲಂಬನೆ ಮತ್ತು ಪರಿಣಾಮ ತೂಗುವುದು, ಅದರಿಂದ ಬರುವ ಅಪಾಯ ಅಂದಾಜು ಮಾಡುವುದು, ಕೊನೆಗೆ ವರದಿಗೆ ಕೂರುವುದು. ಸುಸ್ಥಿರತಾ ವರದಿಗೆ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಜಿಆರ್‌ಐನ, ಜೀವವೈವಿಧ್ಯ ಕುರಿತ 101ನೇ ಮಾನದಂಡ 2024ರ ಜನವರಿಯಲ್ಲಿ ಪ್ರಕಟವಾಗಿದ್ದು, 2016ರ ಹಳೆಯ 304ನೇ ಮಾನದಂಡದ ಜಾಗಕ್ಕೆ 2026ರ ಜನವರಿ 1ರಿಂದ ಬಂದಿದೆ. ನಮ್ಮ ಭಾಗಕ್ಕೆ ಇದು ಹೆಚ್ಚು ಒಗ್ಗುತ್ತದೆ. ಪರಿಣಾಮ ದೊಡ್ಡದಿರುವ ಪ್ರತಿ ಜಾಗದ ಹೆಸರು, ಹೆಕ್ಟೇರ್ ಲೆಕ್ಕ, ಸೂಕ್ಷ್ಮ ಪ್ರದೇಶದಿಂದ ದೂರ, ಅಲ್ಲಿ ನಡೆಯುವ ಕೆಲಸ ಇವನ್ನೆಲ್ಲ ಅದು ಕೇಳುತ್ತದೆ. ಆಧಾರ ವರ್ಷದಲ್ಲಿ ಆ ಪರಿಸರ ಹೇಗಿತ್ತು, ಈಗ ಹೇಗಿದೆ ಎಂದೂ ಕೇಳುತ್ತದೆ. ಕೊಳ್ಳುವ ಸರಕಿನ ಹಿಂದಿರುವ ಪರಿಣಾಮವನ್ನೂ ಬಿಡುವುದಿಲ್ಲ.

ಜಾಗ ಗುರುತಿಸುವುದು ಸುಲಭದ ಕೆಲಸದಂತೆ ಕಾಣುತ್ತದೆ. ಎಡವಟ್ಟು ಹೆಚ್ಚು ಆಗುವುದೂ ಇಲ್ಲೇ. ತೋಟದ ಗಡಿಯನ್ನು ಜಿಪಿಎಸ್ ಹಿಡಿದು ನಡೆದು ಗುರುತಿಸಬೇಕು, ಜೊತೆಗೆ ರಾಜ್ಯ ಸರ್ಕಾರದ ಜಮೀನು ನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್‌ಗೆ ತಾಳೆ ನೋಡಬೇಕು. ದಟ್ಟ ನೆರಳಿನ ಕೆಳಗೆ ಮೊಬೈಲ್ ಜಿಪಿಎಸ್ ಐದು ಹತ್ತು ಮೀಟರ್ ಆಚೀಚೆ ತೋರಿಸುವುದು ಮಾಮೂಲು. ಕಾಡಿಗೆ ತಾಗಿದ ತೋಟದಲ್ಲಿ ಅಷ್ಟು ವ್ಯತ್ಯಾಸ ಸಾಕು, ಮೀಸಲು ಅರಣ್ಯದ ಒಂದು ಪಟ್ಟಿ ತೋಟದೊಳಗೆ ಬಂದಂತೆ ನಕ್ಷೆ ತೋರಿಸುತ್ತದೆ. ಅದಕ್ಕೇ ಅರಣ್ಯದ ಅಂಚನ್ನು ಎರಡು ಸಲ ನಡೆದು, ಗಡಿಕಲ್ಲು ಇದ್ದಲ್ಲಿ ನಿಂತು ಓದಿಕೊಳ್ಳಬೇಕು. ಅಕ್ಷಾಂಶ, ರೇಖಾಂಶ ಅದಲುಬದಲಾಗುವುದು ಇನ್ನೊಂದು ದೋಷ. ನಮ್ಮ ಅಕ್ಷಾಂಶ 13ರ ಹತ್ತಿರ, ರೇಖಾಂಶ 75ರ ಹತ್ತಿರ. ತಿರುಗಿಸಿ ಬರೆದರೆ ಮೂಡಿಗೆರೆಯ ತೋಟ ಉತ್ತರ ಧ್ರುವದ ಕಡೆಯ ಸಮುದ್ರಕ್ಕೆ ಹೋಗಿ ಬೀಳುತ್ತದೆ. ಹಾಳೆಯ ಮೇಲೆ ಯಾರಿಗೂ ಗೊತ್ತಾಗದ ಈ ತಪ್ಪು ನಕ್ಷೆಯ ಮೇಲೆ ಹಾಕಿ ನೋಡಿದರೆ ಅರೆ ನಿಮಿಷದಲ್ಲಿ ಸಿಗುತ್ತದೆ.

ಗಡಿ ಸಿಕ್ಕಿದ ಮೇಲೆ ಅಳೆಯಬೇಕಾದ ದೂರಗಳಿವೆ. ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಕುದುರೆಮುಖ ರಾಷ್ಟ್ರೀಯ ಉದ್ಯಾನ, ಪುಷ್ಪಗಿರಿ ಅಭಯಾರಣ್ಯ, 2010ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದ ಹೊಗರೆಕಾನು, ಹತ್ತಿರದ ಮೀಸಲು ಅರಣ್ಯ, ದೇವರಕಾಡು ಇವೆಲ್ಲ ಎಷ್ಟು ದೂರದಲ್ಲಿವೆ ಎಂದು ದಾಖಲಿಸಬೇಕು. ತೋಟದೊಳಗಿನ ಹಳ್ಳ ಯಾವ ಹೊಳೆಗೆ ಸೇರುತ್ತದೆ, ಹೇಮಾವತಿಗೋ ಭದ್ರೆಗೋ ತುಂಗೆಗೋ ಎಂಬುದೂ ಬೇಕು. ನೀರಿನ ಪರಿಣಾಮ ಗಡಿಕಲ್ಲಿಗೆ ನಿಲ್ಲುವುದಿಲ್ಲ, ಕೆಳಗಿನ ಊರಿನವರೂ ಈ ವರದಿಯ ಓದುಗರೇ.

ಇನ್ನು ಮರದ ವಿಚಾರ. ಕಾಫಿ ಸೀಮೆಯ ಜೀವವೈವಿಧ್ಯ ನಿಂತಿರುವುದೇ ನೆರಳು ಮರದ ಮೇಲೆ. ಅತ್ತಿ, ಬಸರಿ, ಗೋಣಿ, ಹಲಸು, ನೇರಳೆ, ಮತ್ತಿ, ನಂದಿ, ಬೀಟೆ, ಹೊನ್ನೆ ಇದ್ದ ಕಡೆ ಈಗ ಸಿಲ್ವರ್ ಓಕ್ ಸಾಲುಗಳು. ಇದಕ್ಕೆ ಕಾರಣ ಬೆಳೆಗಾರರ ಮನಸ್ಸಿನಲ್ಲಲ್ಲ, ಲೆಕ್ಕದಲ್ಲಿದೆ. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ನೇರವಾದ ಕಾಂಡಕ್ಕೆ ಮೆಣಸು ಹಬ್ಬಿಸಲು ಸಲೀಸು, ಮರಗಸಿಯ (ನೆರಳಿನ ಕೊಂಬೆ ಕಡಿಯುವ) ಕೂಲಿಯೂ ಕಡಿಮೆ. ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಡಿ ಅದನ್ನು ಕಡಿಯಲು ಅನುಮತಿಯೂ ಬೇಡ. ಬೀಟೆ, ಹೊನ್ನೆಗೆ ಅನುಮತಿ ಬೇಕು. ನಾಡಮರ ಉಳಿಸಿಕೊಂಡವರಿಗೆ ತೊಡಕು, ಹೊರಗಿನ ಮರ ನೆಟ್ಟವರಿಗೆ ಸಲೀಸು ಎಂಬ ಈ ಸ್ಥಿತಿ ಬದಲಾಗುವ ತನಕ ಕಾಡುಮರ ಕಡಿಮೆಯಾಗುತ್ತಲೇ ಹೋಗುತ್ತದೆ, ಇದನ್ನು ಸರ್ಕಾರಕ್ಕೂ ಹೇಳಬೇಕು. ಉಪಗ್ರಹ ಚಿತ್ರ ಇದನ್ನು ಹಿಡಿಯುವುದು ಕಷ್ಟ. ಅತ್ತಿ ಹೋಗಿ ಸಿಲ್ವರ್ ಓಕ್ ಬಂದರೂ ಮೇಲಿಂದ ನೋಡಿದವರಿಗೆ ಹಸಿರು ಹಸಿರೇ. ಐರೋಪ್ಯ ಒಕ್ಕೂಟದ ಅರಣ್ಯನಾಶ ತಡೆ ನಿಯಮ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಬೆಳೆದ ಕಾಫಿ ಬೇಡ ಎನ್ನುತ್ತದೆ, 4 ಹೆಕ್ಟೇರ್ ಮೀರಿದ ತೋಟಕ್ಕೆ ಗಡಿಯ ನಕ್ಷೆ ಕೇಳುತ್ತದೆ. ಆ ಪರೀಕ್ಷೆಯಲ್ಲಿ ಪಾಸಾದ ತೋಟದಲ್ಲೂ ಈ ಬದಲಾವಣೆ ಸದ್ದಿಲ್ಲದೆ ನಡೆಯುತ್ತಿರಬಹುದು. ‘ಅರಣ್ಯನಾಶ ಮುಕ್ತ’ ಎಂಬ ಪ್ರಮಾಣಪತ್ರವನ್ನೇ ಜೀವವೈವಿಧ್ಯದ ವರದಿಯೆಂದು ಅಂಟಿಸುವುದು ಸರಿಯಲ್ಲ ಎನ್ನುವುದು ಇದಕ್ಕಾಗಿಯೇ.

ನೆಲದ ಮೇಲೆ ಎಣಿಸುವುದೊಂದೇ ದಾರಿ, ಅದು ಅಂಥ ಖರ್ಚಿನ ಬಾಬೂ ಅಲ್ಲ. 100 ಎಕರೆ ತೋಟಕ್ಕೆ ಹನ್ನೆರಡು ವೃತ್ತ ಸಾಕು. ಪ್ರತಿ ವೃತ್ತದ ತ್ರಿಜ್ಯ 17.84 ಮೀಟರ್ ಇಟ್ಟರೆ 0.1 ಹೆಕ್ಟೇರ್ ಆಗುತ್ತದೆ, ಹನ್ನೆರಡು ಸೇರಿ ತೋಟದ ಶೇ 3ರಷ್ಟು. ವೃತ್ತ ಎಲ್ಲಿ ಬರಬೇಕು ಎಂಬುದನ್ನು ಕಚೇರಿಯಲ್ಲೇ ನಕ್ಷೆಯ ಮೇಲೆ ಚೌಕಳಿ ಹಾಕಿ, ಚೀಟಿ ಎತ್ತಿ ತೀರ್ಮಾನಿಸಬೇಕು. ತೋಟದಲ್ಲಿ ನಿಂತು ಆರಿಸಿದರೆ ಕಾಲು ತಾನಾಗಿ ಜೀಪಿನ ರಸ್ತೆ ಬದಿಗೇ ಹೋಗುತ್ತದೆ, ರಸ್ತೆ ಬದಿಯಲ್ಲಿ ಸಿಲ್ವರ್ ಓಕ್ ಜಾಸ್ತಿ, ಹಳ್ಳದ ಬದಿಯಲ್ಲಿ ಕಾಡುಮರ ಜಾಸ್ತಿ. ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಒರಗಿಸದೆ ಮಟ್ಟವಾಗಿ ಹಿಡಿದು ಅಳೆಯಬೇಕು. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ 30 ಸೆಂಟಿಮೀಟರ್ ದಾಟಿದ ಪ್ರತಿ ಮರದ ಹೆಸರು, ಸುತ್ತಳತೆ ಬರೆದುಕೊಳ್ಳಬೇಕು. ಬುಡದಲ್ಲಿ ಹಲಗೆಬೇರು ಇರುವ ಮರವಾದರೆ ಬೇರು ಮುಗಿದ ಮೇಲಿನ ಕಾಂಡ ಅಳೆಯಬೇಕು.

ಹೆಸರು, ಅಳತೆಯ ಜೊತೆ ಇನ್ನೆರಡು ಕಲಂ ಇರಲಿ. ಮರದಲ್ಲಿ ಪೊಟರೆ ಇದೆಯೇ, ಅದು ಅತ್ತಿ ಜಾತಿಯದೇ ಎಂಬವು. ಮಂಗಟ್ಟೆ ಹಕ್ಕಿ ತಾನಾಗಿ ಪೊಟರೆ ಕೊರೆಯಲಾರದು, ಹಳೆಯ ದಪ್ಪ ಮರದಲ್ಲಿ ತಾನಾಗಿ ಆದ ಪೊಟರೆಯೇ ಅದಕ್ಕೆ ಬೇಕು. ಹೆಣ್ಣು ಒಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಕೊಂಡು ಕೂತರೆ, ಒಂದು ಸೀಳಿನಷ್ಟು ಸಂದಿಯಲ್ಲಿ ಗಂಡು ಹಣ್ಣು ತಂದು ಕೊಡುತ್ತಿರುತ್ತದೆ. ಆ ಹಣ್ಣು ಬಹುಪಾಲು ಅತ್ತಿ, ಬಸರಿ, ಗೋಣಿಯದು. ಸಿಲ್ವರ್ ಓಕ್ ಬೀಜಕ್ಕೆ ರೆಕ್ಕೆಯುಂಟು, ತಿರುಳಿಲ್ಲ, ತಿನ್ನುವ ಹಕ್ಕಿಗೆ ಅದು ಏನೂ ಕೊಡುವುದಿಲ್ಲ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಮಲಬಾರ್ ಬೂದು ಮಂಗಟ್ಟೆ ನಮ್ಮ ತೋಟಗಳಿಗೆ ಬರುತ್ತದೆ. ಅದು ಮರಿ ಮಾಡುತ್ತಲೂ ಇರಬೇಕಾದರೆ ಎಕರೆಗೆ ಎಷ್ಟು ಮರ ಎಂಬ ಒಂದೇ ಅಂಕಿ ಸಾಲದು, ಎಂಥ ಮರ ಎಂಬುದು ವರದಿಯಲ್ಲಿ ಬರಬೇಕು. ಕಡಿದ ಮರದ ಲೆಕ್ಕ ತೋಟದ ರೈಟರ್ (ಗುಮಾಸ್ತ) ಹತ್ತಿರ ಇದ್ದೇ ಇರುತ್ತದೆ. ಆ ಪುಸ್ತಕದ ವರ್ಷದ ಮೊತ್ತ, ಜಾತಿವಾರು, ವರದಿಗೆ ಬರಲಿ.

ಹಕ್ಕಿ ಎಣಿಕೆಯನ್ನು ಬೇಗ ಹೇಳಿ ಮುಗಿಸುತ್ತೇವೆ. ಅದೇ ವೃತ್ತಗಳ ನಡುವೆ, ಒಂದರಿಂದ ಒಂದು 200 ಮೀಟರ್ ದೂರ ಇರುವಂತೆ ಜಾಗ ಆರಿಸಿ, ಸೂರ್ಯ ಹುಟ್ಟಿದ ಮೇಲಿನ ಎರಡು ಮೂರು ಗಂಟೆಯಲ್ಲಿ, ಪ್ರತಿ ಜಾಗದಲ್ಲಿ ಹತ್ತು ನಿಮಿಷ, 50 ಮೀಟರ್ ಒಳಗೆ ಕಂಡ, ಕೇಳಿದ ಹಕ್ಕಿ ಬರೆದುಕೊಳ್ಳುವುದು. ವಲಸೆ ಹಕ್ಕಿ ಇರುವ ಚಳಿಗಾಲದಲ್ಲಿ ಒಂದು ಸುತ್ತು, ಏಪ್ರಿಲ್-ಮೇನಲ್ಲಿ ಇನ್ನೊಂದು. ಈ ವರ್ಷ ಎರಡು ಬೆಳಗ್ಗೆ ಎಣಿಸಿ, ಮುಂದಿನ ವರ್ಷ ಇಪ್ಪತ್ತು ಬೆಳಗ್ಗೆ ಎಣಿಸಿದರೆ ಜಾತಿಗಳ ಸಂಖ್ಯೆ ಏರಿಯೇ ಏರುತ್ತದೆ. ಅದು ತೋಟ ಸುಧಾರಿಸಿದ ಗುರುತಲ್ಲ, ಎಣಿಸಿದವರು ಹೆಚ್ಚು ಸುತ್ತಿದ ಗುರುತು. ಎಷ್ಟು ಹೊತ್ತು, ಎಷ್ಟು ಜಾಗ ಎಂದು ಬರೆಯದ ಪಟ್ಟಿ ಹೋಲಿಕೆಗೆ ಬರುವುದಿಲ್ಲ.

ಈಗ ನೀರು. ಕಾಫಿ ಉದ್ದಿಮೆಯ ದೊಡ್ಡ ಪರಿಣಾಮ ಇಲ್ಲಿದೆ, ವರದಿಗಳಲ್ಲಿ ಅತಿ ಕಡಿಮೆ ಬರೆಯುವುದೂ ಇದನ್ನೇ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್‌ನಿಂದ ಹೊರಬರುವ ನೀರಿನಲ್ಲಿ ಹಣ್ಣಿನ ಲೋಳೆಯ ಸಕ್ಕರೆ ತುಂಬಿರುತ್ತದೆ. ಅದು ಹುಳಿಯುತ್ತದೆ, ಆಮ್ಲವಾಗುತ್ತದೆ. ಹಳ್ಳಕ್ಕೆ ಬಿದ್ದರೆ ಅದನ್ನು ಕರಗಿಸುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ಸಂಸ್ಕರಿಸದ ನೀರಿನ ಬಿಒಡಿ, ಅಂದರೆ ಜೈವಿಕ ಆಮ್ಲಜನಕ ಬೇಡಿಕೆ, ಲೀಟರ್‌ಗೆ ಸಾವಿರಾರು ಮಿಲಿಗ್ರಾಂ. ಹಳ್ಳ ಹೊಳೆಗೆ ಬಿಡಲು ಇರುವ ಸಾಮಾನ್ಯ ಮಿತಿ 30 ಮಿಲಿಗ್ರಾಂ, ಜಮೀನಿಗೆ ಹಾಯಿಸಲು 100, ಆಮ್ಲೀಯತೆ ತೋರಿಸುವ ಪಿಎಚ್ 5.5ರಿಂದ 9ರೊಳಗೆ. ಅರೇಬಿಕಾ ಪಲ್ಪಿಂಗ್ ಜೋರಾಗಿರುವುದು ಡಿಸೆಂಬರ್ ಆಸುಪಾಸಿನ ತಿಂಗಳುಗಳಲ್ಲಿ, ಹಳ್ಳಗಳ ಹರಿವು ಇಳಿಯುತ್ತಿರುವ ಹೊತ್ತಿಗೆ ಸರಿಯಾಗಿ. ಜುಲೈಯಲ್ಲಿ ಆದರೆ ತೊಳೆದು ಹೋಗುವಷ್ಟು ಕೊಳೆ ಜನವರಿಯಲ್ಲಿ ಅರ್ಧ ಮೈಲಿ ಹಳ್ಳವನ್ನು ಕೊಲ್ಲಬಹುದು. ವರದಿಗೆ ಬೇಕಾದ ನೀರನ್ನು ಮಳೆಗಾಲದಲ್ಲಿ ಹಿಡಿದರೆ ಎಲ್ಲ ಅಂಕಿಯೂ ಚೆನ್ನಾಗಿ ಬರುತ್ತದೆ. ಅಂಥ ಅಂಕಿಗೆ ಬೆಲೆಯಿಲ್ಲ.

ಪಲ್ಪಿಂಗ್ ಶುರುವಾಗುವ ಮುಂಚೆ ನವೆಂಬರ್‌ನಲ್ಲಿ ಒಮ್ಮೆ, ಭರಾಟೆ ಇರುವಾಗ ಒಮ್ಮೆ, ಮುಗಿದ ಮೇಲೆ ಮಾರ್ಚ್‌ನಲ್ಲಿ ಒಮ್ಮೆ ನೀರು ಹಿಡಿಯಬೇಕು. ತೋಟದ ನೀರು ಹಳ್ಳ ಸೇರುವ ಜಾಗಕ್ಕಿಂತ ಮೇಲೆ ಒಂದು ಕಡೆ, ಕೆಳಗೆ ಸುಮಾರು 100 ಮೀಟರ್‌ನಲ್ಲಿ ಒಂದು ಕಡೆ, ಅರ್ಧ ಕಿಲೋಮೀಟರ್ ಕೆಳಗೆ ಇನ್ನೊಂದು ಕಡೆ. ಮೇಲಿನ ಮಾದರಿ ಇಲ್ಲದಿದ್ದರೆ ಮೇಲಿನ ತೋಟದವರ ಕೊಳೆ ಯಾವುದು, ನಮ್ಮದು ಯಾವುದು ಬೇರೆ ಮಾಡಲಾಗದು. ಕರಗಿದ ಆಮ್ಲಜನಕ, ಪಿಎಚ್ ಎರಡನ್ನೂ ಅಲ್ಲೇ ಮೀಟರ್ ಅದ್ದಿ ನೋಡಬೇಕು. ಬಿಒಡಿ ಬಾಟಲಿಯನ್ನು ಗಾಳಿಗುಳ್ಳೆ ಇಲ್ಲದಂತೆ ತುಂಬಿ, ಐಸ್‌ನಲ್ಲಿಟ್ಟು, 24 ಗಂಟೆಯೊಳಗೆ ಪ್ರಯೋಗಾಲಯಕ್ಕೆ ತಲುಪಿಸಬೇಕು. ಬಿಸಿಲಿನ ಜೀಪಿನಲ್ಲಿ ಒಂದು ದಿನ ಕೂತ ಬಾಟಲಿಯ ಫಲಿತಾಂಶ ನಂಬಿಕೆಗೆ ಬರುವುದಿಲ್ಲ.

ರಾಸಾಯನಿಕ ಅಂಕಿ ಆ ಕ್ಷಣದ ಮಾತು. ಹಳ್ಳದ ಕಲ್ಲು ತಿಂಗಳ ಮಾತು ಹೇಳುತ್ತದೆ. ಚೆನ್ನಾಗಿರುವ ಹಳ್ಳದಲ್ಲಿ ಅಂಗೈಯಗಲದ ಕಲ್ಲೊಂದನ್ನು ಎತ್ತಿ ತಿರುಗಿಸಿದರೆ ಚಪ್ಪಟೆ ಮೈಯ, ಮೂರು ಬಾಲದ ಮೇಫ್ಲೈ ಮರಿಗಳು ನೆರಳಿಗೆ ಓಡುತ್ತವೆ. ಮರಳು ಕಾಳು, ಕಡ್ಡಿ ಚೂರು ಅಂಟಿಸಿ ಕೊಳವೆ ಕಟ್ಟಿಕೊಂಡ ಕ್ಯಾಡಿಸ್‌ಫ್ಲೈ ಮರಿ ಕಲ್ಲಿಗೆ ಕಚ್ಚಿಕೊಂಡಿರುತ್ತದೆ. ಪಲ್ಪರ್ ನೀರು ಬಿದ್ದ ಹಳ್ಳದಲ್ಲಿ ಅದೇ ಕಲ್ಲಿನ ಮೇಲೆ ಬೂದು ಬಣ್ಣದ ಲೋಳೆ ಹತ್ತಿಯಂತೆ ತೂಗುತ್ತಿರುತ್ತದೆ, ಕೆಳಗಿನ ಕೆಸರಿನಲ್ಲಿ ಕೆಂಪು ಹುಳು ಬಿಟ್ಟರೆ ಬೇರೇನೂ ಇರುವುದಿಲ್ಲ. ಮೂರು ಜಾಗದಲ್ಲೂ ಒಂದೇ ಅಳತೆಯ ಬಲೆ, ಒಂದೇ ಹೊತ್ತು ಹಿಡಿದು ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಫ್ಲೈ ಕುಟುಂಬಗಳು ಎಷ್ಟು ಸಿಕ್ಕವು ಎಂದು ಎಣಿಸಿದರೆ ವರದಿಯಲ್ಲಿ ಇಡಬಹುದಾದ ಗಟ್ಟಿ ಅಂಕಿ ಸಿಗುತ್ತದೆ. ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳು ಸ್ವಲ್ಪ ತರಬೇತಿ ಕೊಟ್ಟರೆ ಇದನ್ನು ಮಾಡಬಲ್ಲರು.

ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ದೊಡ್ಡ ತೋಟಗಳು ಬೇಲಿಯ ಲೆಕ್ಕವನ್ನೂ ಕೊಡಬೇಕು. ಸೌರ ಬೇಲಿ ಎಷ್ಟು ಕಿಲೋಮೀಟರ್, ಯಾವ ದಿಕ್ಕಿಗೆ, ಆನೆ ದಾಟಲು ಎಲ್ಲಿ ದಾರಿ ಬಿಟ್ಟಿದೆ ಎಂಬ ನಕ್ಷೆ ಬೇಕು. ಒಂದು ತೋಟ ಸುತ್ತ ಬಿಗಿಯಾಗಿ ಮುಚ್ಚಿಕೊಂಡರೆ ಆನೆ ಪಕ್ಕದ ಸಣ್ಣ ಹಿಡುವಳಿಗೆ, ಕೂಲಿ ಲೈನ್ (ಕಾರ್ಮಿಕರ ಮನೆಸಾಲು) ಕಡೆಗೆ ತಿರುಗುತ್ತದೆ. ಆ ತೋಟದ ವರದಿಯಲ್ಲಿ ‘ಆನೆ ಹಾವಳಿ ಇಳಿಯಿತು’ ಎಂದು ಬರುವುದು, ಪಕ್ಕದ ಊರಲ್ಲಿ ಜೀವ ಹೋಗುವುದು, ಎರಡೂ ಒಂದೇ ಬೇಲಿಯ ಫಲವಾಗಿರಬಹುದು.

ಷೇರುಪೇಟೆಯಲ್ಲಿಲ್ಲದ ರೆಸಾರ್ಟ್, ಹೋಂಸ್ಟೇಗಳಿಗೆ ಸೆಬಿ ನಿಯಮ ತಾಗದು. ಅವರಿಗೆ ಎರಡು ಪುಟ ಸಾಕು. ಗುಡ್ಡ ಕಡಿದ ಮಣ್ಣು ಎಷ್ಟು ಘನ ಮೀಟರ್, ಅದನ್ನು ಎಲ್ಲಿ ಸುರಿದಿರಿ, ಹಡ್ಲು (ಗುಡ್ಡಗಳ ನಡುವಿನ ಜೌಗು ತಗ್ಗು) ಮುಚ್ಚಿದ್ದೀರಾ, ರಾತ್ರಿ ಹೊರಗಿನ ದೀಪ ಎಷ್ಟು ಗಂಟೆಯ ತನಕ, ಹಸಿ ಕಸ ಎಲ್ಲಿಗೆ ಹೋಗುತ್ತದೆ ಎಂದು ಬರೆದರಾಯಿತು. ಹಡ್ಲನ್ನು ಪಾಳು ಜಾಗವೆಂದು ತಿಳಿದು ಮುಚ್ಚುವವರು ಬಹಳ. ಬೇಸಿಗೆಯಲ್ಲಿ ಕೆಳಗಿನ ಹಳ್ಳ ಹರಿಯುವುದು ಆ ಹಡ್ಲು ಹೀರಿಟ್ಟುಕೊಂಡ ನೀರಿನಿಂದ.

ಸಸಿ ನೆಡುವುದನ್ನು ನಾವು ಬೇಡ ಎನ್ನುವುದಿಲ್ಲ. ಆದರೆ ಕ್ರಮವೊಂದಿದೆ. ಮೊದಲು ಹಾನಿ ತಪ್ಪಿಸುವುದು, ತಪ್ಪಿಸಲಾಗದ್ದನ್ನು ಕಡಿಮೆ ಮಾಡುವುದು, ಆದ ಹಾನಿಯನ್ನು ಅಲ್ಲೇ ಸರಿಪಡಿಸುವುದು, ಇಷ್ಟಾದ ಮೇಲೂ ಉಳಿದದ್ದಕ್ಕೆ ಬೇರೆಡೆ ಪರಿಹಾರ. ಜಿಆರ್‌ಐ ಮಾನದಂಡವೂ ಈ ಕ್ರಮದಲ್ಲೇ ಕೇಳುತ್ತದೆ. ನಮ್ಮಲ್ಲಿ ವರದಿಗಳು ಕೊನೆಯ ಮೆಟ್ಟಿಲಿಂದ ಶುರುವಾಗುತ್ತವೆ. ನೆಟ್ಟ ಸಸಿಯ ಲೆಕ್ಕ ಕೊಡುವುದಾದರೆ ಜಾತಿ, ಜಾಗ, ಮೂರು ಬೇಸಿಗೆ ಕಳೆದ ಮೇಲೆ ಬದುಕಿದ್ದೆಷ್ಟು ಎಂಬುದು ಸೇರಲಿ. ಬಾಬಾಬುಡನ್‌ಗಿರಿ, ಕುದುರೆಮುಖದ ಶೋಲಾ (ಗುಡ್ಡದ ಕಣಿವೆಯ ಕಾಡು) ಸೀಮೆಯ ಹುಲ್ಲುಗಾವಲು ಬೋಳು ಗುಡ್ಡವಲ್ಲ, ಅದು ಸ್ವತಃ ಒಂದು ಪರಿಸರ. ಅಲ್ಲಿ ಅಕೇಶಿಯಾ, ವ್ಯಾಟಲ್ ನೆಡುವುದು ನಷ್ಟದ ಖಾತೆಗೆ ಸೇರಬೇಕು, ಲಾಭದ ಖಾತೆಗಲ್ಲ.

ಕಾಫಿ ಬೀಜ ಹದಗೊಳಿಸುವ ಕ್ಯೂರಿಂಗ್ ವರ್ಕ್ಸ್‌ಗಳಿಂದ, ವ್ಯಾಪಾರಿಗಳಿಂದ ಕೊಳ್ಳುವ ಕಂಪನಿಗಳದ್ದು ಬೇರೆ ತೊಡಕು. ನೂರಾರು ಸಣ್ಣ ಬೆಳೆಗಾರರ ಚೆರ್ರಿ (ಸಿಪ್ಪೆಸಹಿತ ಒಣಗಿಸಿದ ಕಾಫಿ), ಪಾರ್ಚ್‌ಮೆಂಟ್ (ಪಲ್ಪ್ ಮಾಡಿ ಒಣಗಿಸಿದ ಕಾಫಿ) ಒಂದೇ ರಾಶಿಗೆ ಬಿದ್ದ ಮೇಲೆ ಯಾವ ಮೂಟೆ ಯಾವ ತೋಟದ್ದು ಹೇಳಲಾಗದು. ಅಂಥಲ್ಲಿ ತೋಟವಾರು ಅಂಕಿ ಸೃಷ್ಟಿಸದೆ, ಹಳ್ಳದ ಜಲಾನಯನವಾರು ವರದಿ ಕೊಡುವುದು ಪ್ರಾಮಾಣಿಕ ದಾರಿ. ಇಂಥ ಹಳ್ಳದ ಸುತ್ತಲಿನ ಇಷ್ಟು ಬೆಳೆಗಾರರಿಂದ ಇಷ್ಟು ಟನ್ ಕೊಂಡೆವು, ಹಳ್ಳದ ಸ್ಥಿತಿ ಹೀಗಿದೆ ಎಂದು ಬರೆಯಲಿ. ಅಳತೆಯ ಖರ್ಚು ಕೊಳ್ಳುವ ಕಂಪನಿಯದ್ದಾಗಬೇಕು. ಎರಡು ಮೂರು ಎಕರೆಯವರ ಮೇಲೆ ಅದನ್ನು ಹೊರಿಸಿದರೆ ಕಾಡುಮರ ಉಳಿಸಿಕೊಂಡವರೇ ಮಾರುಕಟ್ಟೆಯಿಂದ ಹೊರಬೀಳುತ್ತಾರೆ.

ಇಷ್ಟೆಲ್ಲ ಅಳೆದು ಮುಂಬೈನ ಷೇರುಪೇಟೆಗೆ ಇಂಗ್ಲಿಷಿನಲ್ಲಿ ಕಳಿಸಿದರೆ ಇಲ್ಲಿಯವರಿಗೆ ಏನು ಬಂತು? 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ತಯಾರಿಸಬೇಕು. ಕಂಪನಿಗಳು ಸರ್ವೆ ನಂಬರ್, ಹಳ್ಳದ ಹೆಸರು, ಮೂರು ಜಾಗದ ನೀರಿನ ಫಲಿತಾಂಶ, ಮರದ ಪಟ್ಟಿ ಇಷ್ಟನ್ನು ಕನ್ನಡದಲ್ಲಿ ಆ ಸಮಿತಿಗೆ ಕೊಡಲಿ. ಸಮಿತಿ ಅದನ್ನು ತನ್ನ ದಾಖಲೆಯ ಜೊತೆ ಹೋಲಿಸಿ ಗ್ರಾಮಸಭೆಯಲ್ಲಿ ಓದಲಿ. ಹಳ್ಳದಲ್ಲಿ ಮೀನು ಸತ್ತ ದಿನ ಯಾವುದು ಎಂದು ಕಂಪನಿಯ ಸಲಹೆಗಾರರಿಗಿಂತ ಅಲ್ಲಿ ದನ ಮೇಯಿಸುವವರಿಗೆ ಚೆನ್ನಾಗಿ ಗೊತ್ತು. ವಿರಳ ಜೀವಿಗಳ ಗೂಡು, ಔಷಧಿ ಸಸ್ಯಗಳ ನಿಖರ ಜಾಗವನ್ನು ಮಾತ್ರ ಬಹಿರಂಗ ಪ್ರತಿಯಲ್ಲಿ ಹಾಕಬಾರದು, ಕಳ್ಳಸಾಗಣೆದಾರರಿಗೆ ಅದೇ ನಕ್ಷೆಯಾಗುತ್ತದೆ.

ಕಾಲದ ವಿಚಾರ ಒಂದು ಬಾಕಿ. ವಾರ್ಷಿಕ ವರದಿ ಬರುವ ತನಕ ಕಾದರೆ ಜನವರಿಯ ನೀರಿನ ಫಲಿತಾಂಶ ಪಂಚಾಯಿತಿಗೆ ತಲುಪುವಾಗ ಆಗಸ್ಟ್ ಮುಗಿದಿರುತ್ತದೆ. ಮಾರ್ಚ್ ಮಾದರಿಯ ಫಲಿತಾಂಶ ಕೈಸೇರಿದ ಕೂಡಲೇ, ಮೇ ಒಳಗೆ, ಸಮಿತಿಗೆ ಕೊಟ್ಟರೆ ಯಾವ ಸಂಸ್ಕರಣಾ ಹೊಂಡ ಸಣ್ಣದಾಯಿತು, ಯಾವುದರ ತಳ ಸೋರುತ್ತಿದೆ, ಎಲ್ಲಿ ಸುಣ್ಣ ಸಾಲದೆ ಹುಳಿ ಇಳಿಯಲಿಲ್ಲ ಎಂದು ಮಳೆಗಾಲದಲ್ಲಿ ಕೂತು ತೀರ್ಮಾನಿಸಬಹುದು. ಮಳೆ ಬಿಟ್ಟ ಮೇಲೆ ಅಕ್ಟೋಬರ್-ನವೆಂಬರ್‌ನಲ್ಲಿ ಹೊಂಡದ ರಿಪೇರಿ ಮುಗಿಸಿ, ಮೊದಲ ಹಣ್ಣು ಪಲ್ಪರ್‌ಗೆ ಬೀಳುವ ಮುಂಚೆ ಸಿದ್ಧವಾಗಬಹುದು.

– ತೋಟ ಮತ್ತು ಹಳ್ಳಗಳ ಜೀವವೈವಿಧ್ಯ ಸಮೀಕ್ಷೆಯಲ್ಲಿ ತೊಡಗಿರುವವರು, ಮೂಡಿಗೆರೆ ಮತ್ತು ಸಕಲೇಶಪುರ